ಬೀಸೋದಾ, ತಡೆದು ನಿಲ್ಲೋದಾ, ಚಿವುಟೋದಾ?

ದೊಡ್ಡ ಪರದೆಯ ಮೇಲಿನ ಫೋಟೋಗಳನ್ನು ಬರೀ ಕೈಸನ್ನೆಯಲ್ಲಿ ತಿರುವಿಹಾಕಲು ಒಂದು ಪುಟ್ಟ ಆ್ಯಪ್ ಮಾಡಿಕೊಂಡೆ. ಲ್ಯಾಪ್‌ಟಾಪಿನ ಕ್ಯಾಮೆರಾ, ಅದರ ಹಿಂದೆ ಗೂಗಲ್‌ನ ಮೀಡಿಯಾಪೈಪ್ ಎಂಬ ತಂತ್ರಾಂಶ. ಅದು ಒಂದು ಕೈಯಲ್ಲಿ 21 ಬಿಂದುಗಳನ್ನು ಗುರುತಿಸಿಕೊಡುತ್ತದೆ. ಅವುಗಳ ಓಡಾಟಕ್ಕೆ ಅರ್ಥ ಹಚ್ಚುವ ಕೆಲಸ ನಮ್ಮದು. ಮೂರು ಬಗೆಯ ಸನ್ನೆ ಬರೆದು, 74ರ ಅಮ್ಮನಿಗೂ 20ರ ಅಕ್ಕನ ಮಗನಿಗೂ ಎರಡು ವಾರ ಕೊಟ್ಟು ನೋಡಿದೆ.

ಬೀಸುವ ಸನ್ನೆ ಹುಡುಗನಿಗೆ ಮೊದಲ ನಿಮಿಷದಲ್ಲೇ ಒಲಿಯಿತು. ಆದರೆ ಬೀಸಿದ ಕೈ ವಾಪಸು ಬರಲೇಬೇಕಲ್ಲ? ಆ್ಯಪ್ ಅದನ್ನೂ ಸನ್ನೆಯೆಂದು ಓದಿ ಹಿಂದಿನ ಫೋಟೋಗೆ ಜಿಗಿಯುತ್ತಿತ್ತು. ಅವನು ಕೈಯನ್ನು ಕೆಳಗಿನಿಂದ ಬಳಸಿ ತರುವ ಉಪಾಯ ತಾನೇ ಕಂಡುಕೊಂಡ. ಅಮ್ಮ ತನ್ನದೇ ತಪ್ಪೆಂದುಕೊಂಡು ಇನ್ನೂ ಮೆಲ್ಲಗೆ ಬೀಸಿದಳು. ನಾನಿಟ್ಟ ವೇಗದ ಮಿತಿ ದಾಟದೆ ಏನೂ ಆಗಲಿಲ್ಲ. ಮಿತಿ ಇಳಿಸಿದೆ, ಆಗ ಮಾತಿನ ಮಧ್ಯೆ ಅವಳು ಆಡಿಸುವ ಕೈಗೆಲ್ಲ ಫೋಟೋ ಹಾರತೊಡಗಿತು. "ನಾನು ಬಯ್ತಾ ಇದ್ದಿದ್ದು ನಿಂಗೆ ಕಣೋ, ಅದಕ್ಯಾಕೆ ಉರಿ?" ಬೇಡದ್ದೆಲ್ಲ ಆಜ್ಞೆಯಾಗುವ ಈ ಕಾಟಕ್ಕೆ ಈ ಕೆಲಸದವರಲ್ಲಿ, ಮುಟ್ಟಿದ್ದೆಲ್ಲ ಚಿನ್ನವಾಗುತ್ತಿದ್ದ ಕಥೆಯ ದೊರೆಯ ನೆನಪಿಗೆ, ಮೈಡಸ್ ಸ್ಪರ್ಶ ಎಂಬ ಹೆಸರೇ ಇದೆ. ಬೀಸುವುದನ್ನು ಕಿತ್ತುಹಾಕಿದೆ.

ಎರಡನೆಯದು ತಡೆದು ನಿಲ್ಲುವುದು. ಕೈ ಆಡಿದಂತೆ ಪರದೆಯಲ್ಲಿ ಒಂದು ಬಾಣದ ಗುರುತು ಓಡುತ್ತದೆ; ಅದನ್ನು ಪರದೆಯ ಗುಂಡಿಯ ಮೇಲೆ ನಿಲ್ಲಿಸಿದರೆ ಒಂದು ಉಂಗುರ ತುಂಬುತ್ತ ಬರುತ್ತದೆ, ತುಂಬಿದರೆ ಒತ್ತಿದಂತೆ. ಮೈಯಾಡಿಸಿ ಆಟ ಆಡಿಸುತ್ತಿದ್ದ, 2010ರಲ್ಲಿ ಬಂದ ಮೈಕ್ರೋಸಾಫ್ಟಿನ ಕೈನೆಕ್ಟ್ ಕ್ಯಾಮೆರಾದಲ್ಲಿ ಆಡಿದವರಿಗೆ ಇದು ನೆನಪಿರುತ್ತದೆ. ಉಂಗುರ ಅಮ್ಮನಿಗೆ ಹಿಡಿಸಿತು, ಯಂತ್ರ ತನ್ನನ್ನು ಕಂಡಿದೆ ಎಂದು ಗೊತ್ತಾಗುತ್ತಿತ್ತಲ್ಲ. ಗೋಳು ಬೇರೆ ಇತ್ತು. ಕೈ ಒಂಚೂರು ನಡುಗಿ ಗುಂಡಿಯಾಚೆ ಸರಿದರೆ ಉಂಗುರ ಮತ್ತೆ ಸೊನ್ನೆಯಿಂದ ಶುರು. ನಡುಕ ಕಾಣದಂತೆ ಚಲನೆಯನ್ನು ಸರಾಸರಿ ಮಾಡಿದೆ. ಬಾಣದ ಗುರುತು ಕೈಗಿಂತ ಹಿಂದೆ ಬಿತ್ತು, ಹುಡುಗನಿಗೆ ಅದು ಕೈಗೆ ಹಗ್ಗ ಕಟ್ಟಿ ಎಳೆದ ಹಾಗಾಯಿತು. ಕೊನೆಗೆ ಸರಾಸರಿ ತೆಗೆದು, ಕೈ ಒಳಗೆ ಬಂದೊಡನೆ ಗುಂಡಿಯ ಹರವು ಕಣ್ಣಿಗೆ ಗೊತ್ತಾಗದಂತೆ ಹಿಗ್ಗುವ ಹಾಗೆ ಮಾಡಿದೆ. ಕೈ ಜಾರಿದರೂ ಉಂಗುರ ಥಟ್ಟನೆ ಅಳಿಯದೆ ಮೆಲ್ಲಗೆ ಬರಿದಾಗುತ್ತದೆ. ಈ ಪ್ರಯೋಗದಲ್ಲಿ ನನಗೆ ಹೆಮ್ಮೆಯಿರುವುದು ಇದೊಂದರ ಬಗ್ಗೆಯೇ.

ಹುಡುಗನಿಗೆ ಉಂಗುರ ತುಂಬಲು ಹಿಡಿಯುವ 1.5 ಸೆಕೆಂಡೇ ಭಾರ. "ಮಾಮ, ಇದು ಕಾಯಿಸಿ ಕಾಯಿಸಿ ಸಾಯಿಸತ್ತೆ." 0.6ಕ್ಕೆ ಇಳಿಸಿದೆ, ಯೋಚಿಸುತ್ತ ಕೈ ನಿಲ್ಲಿಸಿದರೂ ಆಯ್ಕೆಯಾಗಿಬಿಡುತ್ತಿತ್ತು. ಮೇಲಾಗಿ ಗಾಳಿಯಲ್ಲಿ ಕೈ ಎತ್ತಿ ಹಿಡಿದರೆ ಭುಜ ಸೋಲುವುದು ಇಬ್ಬರಿಗೂ ಒಂದೇ, ಅಮ್ಮನಿಗೆ ಬೇಗ ಅಷ್ಟೆ.

ಚಿವುಟುವ ಸನ್ನೆ ಅಮ್ಮನಿಗಾಗದು ಎಂದೇ ನಂಬಿದ್ದೆ, ಹೆಬ್ಬೆರಳ ಗಂಟು ನೋಯುತ್ತದೆ. ಅವಳು ಕುರ್ಚಿಯ ಕೈಗೆ ಮೊಣಕೈ ಊರಿ, ಸೂಜಿದಾರ ಹಿಡಿದ ಹಾಗೆ ಮೂರು ಬೆರಳು ಕೂಡಿಸಿದಳು; ತುದಿಗಳು ಪೂರ್ತಿ ತಾಕುತ್ತಲೂ ಇರಲಿಲ್ಲ. ಬೆರಳುಗಳ ಅಂತರವನ್ನು ಪಿಕ್ಸೆಲ್ಲಿನಲ್ಲಿ ಅಳೆಯುವುದು ಬಿಟ್ಟು ಅಂಗೈ ಉದ್ದಕ್ಕೆ ಹೋಲಿಸಿ ನೋಡಿದೆ, ಸಡಿಲ ಹಿಡಿತವನ್ನೂ ಒಪ್ಪಿಕೊಂಡೆ. ನಡೆಯಿತು! ತಪ್ಪಿದ್ದು ಹುಡುಗನದು: ಅವನು ಚಿವುಟುವ ಚುರುಕಿಗೆ ಸೆಕೆಂಡಿಗೆ 30 ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿ ಬೆರಳು ಬರೀ ಮಸುಕು. ತಲೆಗೆ ತೊಡುವ 2024ರ ಆ್ಯಪಲ್ ವಿಷನ್ ಪ್ರೋನಲ್ಲಿ ಕೈ ತೊಡೆಯ ಮೇಲಿಟ್ಟೇ ಚಿವುಟಬಹುದು, ಅದಕ್ಕೆ ಕೆಳಮುಖದ ಕ್ಯಾಮೆರಾಗಳಿವೆ. ನನ್ನದಕ್ಕೆ ಕೈ ಮುಂದೆಯೇ ಕಾಣಬೇಕು.

ತಪ್ಪಾದಾಗ ಇಬ್ಬರೂ ಬೇರೆಬೇರೆ. ಹುಡುಗ ಇನ್ನೊಮ್ಮೆ ಚಿವುಟುತ್ತಾನೆ; ಅಮ್ಮ ಕೈ ಕೆಳಗಿಟ್ಟು ನನ್ನ ಮುಖ ನೋಡುತ್ತಾಳೆ. ಅಂಗೈ ಬಿಚ್ಚಿ ತೋರಿಸಿದರೆ ಹಿಂದಿನದಕ್ಕೆ ಮರಳುವಂತೆ ಮಾಡಿದ ಮೇಲೆ ಆ ನೋಟ ಕಡಿಮೆಯಾಯಿತು.

ನನ್ನ ಆಯ್ಕೆ ಇಬ್ಬರಿಗೂ ಚಿವುಟುವುದೇ. ಅಮ್ಮನ ಗಂಟು ನೋಯುವ ದಿನಕ್ಕೆಂದು ಉಂಗುರವನ್ನೂ ಉಳಿಸಿದ್ದೇನೆ. ಹುಡುಗ ಅವಸರವಿದ್ದರೆ ಸೀದಾ ಕೀಬೋರ್ಡಿಗೆ ಕೈ ಹಾಕುತ್ತಾನೆ.