ವರ್ಕ್‌ಶಾಪ್ ಬೆಚ್ಚಗಿಡೋಕೆ ಯಾವ ಹೀಟರ್? ಗ್ಯಾಸ್, ಫ್ಯಾನ್, ಆಯಿಲ್, ಇನ್‌ಫ್ರಾರೆಡ್ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇನ್‌ಫ್ರಾರೆಡ್ ಹೀಟರ್‌ಗೆ. ಬೆಂಚಿನ ಮೇಲ್ಗಡೆ ಗೋಡೆಗೆ ಜಡಿದ, 1500 ವ್ಯಾಟ್‌ನ, ದಾರ ಎಳೆದರೆ ಕೆಂಪಗೆ ಹೊತ್ತಿಕೊಳ್ಳುವ ಮಾಮೂಲಿ ಹೀಟರ್. ಅದಕ್ಕೂ ಮೊದಲು ಕೊಂಡಿದ್ದ ಗ್ಯಾಸ್ ಹೀಟರ್ ಈಗ ಮೂಲೆ ಸೇರಿದೆ. ಅಷ್ಟು ಶಾಖ ಅಷ್ಟು ಬೇಗ ಕೊಡುವುದು ಬೇರೆ ಯಾವುದೂ ಇಲ್ಲ, ನಿಜ. ಆದರೂ ಅದು ಯಾಕೆ ಮೂಲೆ ಸೇರಿತು ಅಂತ ಹೇಳೋಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ಅಭ್ಯಾಸ ಹೇಗೆ ಅಂತ ತಿಳಿಯದೆ ಈ ಹೋಲಿಕೆ ಓದಿದರೆ ಪ್ರಯೋಜನ ಇಲ್ಲ. ನಾನು ಮರಗೆಲಸ ಮಾಡುವುದು ಸಂಜೆ, ಒಂದೆರಡು ಗಂಟೆ. ಕೆಲವು ಸಂಜೆ ಅದೂ ಇಲ್ಲ. ಜಾಗ ಒಂದು ಕಾರು ನಿಲ್ಲುವಷ್ಟು. ನೆಲ ಕಾಂಕ್ರೀಟು, ಬಾಗಿಲು ತಗಡು, ಸಂದಿಗಳಿಗೆ ಬರವಿಲ್ಲ. ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲೇ ದುಡಿಯುವವರಿಗೆ ನನ್ನ ತೀರ್ಪು ಪೂರ್ತಿ ತಲೆಕೆಳಗಾಗಬಹುದು.

ಹೀಟರ್‌ಗಳ ವಿಷಯಕ್ಕೆ ಹೋಗುವ ಮೊದಲು ಒಂದು ಲೆಕ್ಕ. ಅಷ್ಟು ಜಾಗದಲ್ಲಿ ಸುಮಾರು 50 ಘನ ಮೀಟರ್ ಗಾಳಿ ಇರುತ್ತದೆ. ಅದನ್ನು 15 ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಕಾಲು ಯೂನಿಟ್ ಕರೆಂಟ್ ಅಷ್ಟೇ. ಕೇಳಿದರೆ ಖುಷಿಯಾಗುತ್ತದೆ ಅಲ್ವಾ? 2 ಕಿಲೋವ್ಯಾಟ್ ಹೀಟರ್ ಹಾಕಿದರೆ ಹತ್ತು ನಿಮಿಷದೊಳಗೆ ಮುಗಿಯಬೇಕು. ಮುಗಿಯುವುದಿಲ್ಲ. ಯಾಕೆಂದರೆ ಗಾಳಿಯ ಜೊತೆಗೆ ಅಲ್ಲಿ ನೆಲ ಇದೆ, ಗೋಡೆ ಇದೆ, ಮರದ ರಾಶಿ ಇದೆ, ಕಬ್ಬಿಣದ ಮಿಷಿನ್‌ಗಳಿವೆ, ಮತ್ತು ಇವೆಲ್ಲ ರಾತ್ರಿಯಿಡೀ ತಣ್ಣಗಾಗಿ ಕೂತು, ನೀವು ಕೊಟ್ಟ ಶಾಖವನ್ನು ಹಾಗೇ ಹೀರಿಕೊಳ್ಳುತ್ತವೆ. 10 ಸೆಂಟಿಮೀಟರ್ ದಪ್ಪದ ಆ ಕಾಂಕ್ರೀಟ್ ನೆಲವನ್ನು ಬರೀ 1 ಡಿಗ್ರಿ ಬಿಸಿ ಮಾಡೋಕೇ ಸುಮಾರು ಒಂದು ಯೂನಿಟ್ ಬೇಕು. ಒಂದು ಡಿಗ್ರಿಗೆ! ಒಂದೆರಡು ಗಂಟೆ ಕೆಲಸ ಮಾಡುವವನು ಇಡೀ ಕೋಣೆ ಬಿಸಿ ಮಾಡಲು ಹೊರಟರೆ, ಕೋಣೆ ಹದಕ್ಕೆ ಬರುವ ಹೊತ್ತಿಗೆ ದೀಪ ಆರಿಸಿ ಮನೆಗೆ ಹೋಗುವ ಸಮಯವಾಗಿರುತ್ತದೆ.

ಇನ್ನೊಂದು ಮಾತು. "ಕರೆಂಟ್ ಉಳಿಸುವ ಹೀಟರ್" ಅಂತ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದು ಸುಮ್ನೆ. ಫ್ಯಾನ್ ಹೀಟರ್ ಆಗಲಿ, ಆಯಿಲ್ ಹೀಟರ್ ಆಗಲಿ, ಇನ್‌ಫ್ರಾರೆಡ್ ಆಗಲಿ, ಒಂದು ಯೂನಿಟ್ ಕರೆಂಟ್ ತಿಂದರೆ ಒಂದು ಯೂನಿಟ್ ಶಾಖವನ್ನೇ ಕೊಡುತ್ತದೆ. ಆ ಶಾಖ ಎಲ್ಲಿಗೆ ಹೋಗುತ್ತದೆ, ಎಷ್ಟು ಬೇಗ ನಿಮಗೆ ಮುಟ್ಟುತ್ತದೆ, ವ್ಯತ್ಯಾಸ ಇರುವುದು ಅಲ್ಲಿ. ಈ ನಿಯಮ ಮುರಿಯುವುದು ಹೀಟ್ ಪಂಪ್ ಒಂದೇ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಗ್ಯಾಸ್. ನನ್ನದು ಉದ್ದನೆಯ ಕೊಳವೆಯಂತಿರುವ, ಹಿಂದಿನಿಂದ ಫ್ಯಾನ್ ಊದುವ ಪ್ರೊಪೇನ್ ಹೀಟರ್, 15 ಕಿಲೋವ್ಯಾಟ್‌ನದು. ಹಚ್ಚಿದರೆ ಬುಸ್ ಅಂತ ಶುರು. ಹತ್ತು ನಿಮಿಷಕ್ಕೆ ಜಾಕೆಟ್ ಬಿಚ್ಚಬೇಕು. ಸದ್ದು ವಿಪರೀತ, ರೇಡಿಯೋ ಹಾಕಿದರೂ ಕೇಳುವುದಿಲ್ಲ. ಅದನ್ನೆಲ್ಲ ಸಹಿಸಿಕೊಂಡಿದ್ದೆ. ಸಿಲಿಂಡರ್‌ನ ಕೆಳಭಾಗದಲ್ಲಿ ಹಿಮ ಕಟ್ಟಿ ಒತ್ತಡ ಇಳಿದು ಜ್ವಾಲೆ ಸಣ್ಣದಾಗುವುದನ್ನೂ ಸಹಿಸಿಕೊಂಡಿದ್ದೆ.

ಸಹಿಸಲಾಗದೇ ಹೋದದ್ದು ನೀರು.

ಗ್ಯಾಸ್ ಉರಿದರೆ ನೀರು ಹುಟ್ಟುತ್ತದೆ. ಇದು ಶಾಲೆಯಲ್ಲಿ ಓದಿದ್ದೇ, ಆದರೆ ಎಷ್ಟು ನೀರು ಅಂತ ಯಾರೂ ಯೋಚಿಸಿರುವುದಿಲ್ಲ. 1 ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರು ಆವಿಯಾಗಿ ಹೊರಬರುತ್ತದೆ. ನನ್ನ ಹೀಟರ್ ಪೂರ್ತಿ ಉರಿಯಲ್ಲಿ ಗಂಟೆಗೆ 1 ಕೆಜಿಗಿಂತ ಸ್ವಲ್ಪ ಜಾಸ್ತಿ ಸುಡುತ್ತದೆ. ಅದಕ್ಕೆ ಹೊಗೆ ಕೊಳವೆ ಇಲ್ಲ, ಬಂದದ್ದೆಲ್ಲ ಒಳಗೇ. ಅಂದರೆ ಒಂದು ಸಂಜೆಯಲ್ಲಿ ಮೂರು ಲೀಟರ್‌ಗೂ ಜಾಸ್ತಿ ನೀರನ್ನು ಒಂದು ಪುಟ್ಟ ಕೋಣೆಯ ಗಾಳಿಗೆ ಬೆರೆಸಿದ ಹಾಗಾಯಿತು. ಆ ನೀರಿಗೆ ಒಂದು ತಣ್ಣನೆ ಜಾಗ ಬೇಕು. ವರ್ಕ್‌ಶಾಪ್‌ನಲ್ಲಿ ಎಲ್ಲಕ್ಕಿಂತ ತಣ್ಣಗಿರುವುದು ಯಾವುದು ಹೇಳಿ? ಟೇಬಲ್ ಸಾ, ಅಂದರೆ ಮೇಜಿನಂಥ ಗರಗಸದ ಮಿಷಿನ್, ಅದರ ಮೇಲಿನ ಬೀಡುಕಬ್ಬಿಣದ ಹಾಸು. ಗಾಳಿ 18 ಡಿಗ್ರಿಗೆ ಏರಿ, ಅದರ ತೇವಾಂಶ 60 ಪ್ರತಿಶತ ಇದ್ದರೆ, 10 ಡಿಗ್ರಿಗಿಂತ ತಣ್ಣಗಿರುವ ಯಾವ ಕಬ್ಬಿಣ ಮುಟ್ಟಿದರೂ ಆ ಗಾಳಿ ಬೆವರುತ್ತದೆ. ಗ್ಯಾಸ್ ಉರಿಯುವಾಗ ತೇವಾಂಶ 60ಕ್ಕೆ ನಿಲ್ಲುವುದಿಲ್ಲ. ಕಬ್ಬಿಣ 10 ಡಿಗ್ರಿಗೆ ಬರುವುದೂ ಇಲ್ಲ, ಅದರ ತೂಕಕ್ಕೆ ಇಡೀ ರಾತ್ರಿ ಬೇಕು.

ಮೊದಲು ಕಣ್ಣಿಗೆ ಬೀಳುವುದು ಹಾಸಿನ ಹೊಳಪು ಮಂಕಾಗುವುದು. ಬೆರಳಲ್ಲಿ ಗೀರಿದರೆ ಗೆರೆ ಮೂಡುತ್ತದೆ. ಆಗಲೇ ಬಟ್ಟೆ ತಗೊಂಡು ಒರೆಸಿದರೆ ಸರಿ, ಮರೆತು ಮಲಗಿದರೆ ಬೆಳಗ್ಗೆ ಅಂಗೈ ಊರಿದ್ದ ಕಡೆ ಅಂಗೈ ಆಕಾರದಲ್ಲೇ ಕಿತ್ತಳೆ ಬಣ್ಣದ ಚುಕ್ಕಿಗಳು. ಸ್ಕ್ರೂ ಡಬ್ಬ ಇಟ್ಟಿದ್ದ ಕಡೆ ಉಂಗುರ. ತೋಪಡದ ಅಡಿಭಾಗ, ಉಳಿಯ ಬೆನ್ನು, ಸುತ್ತಿಗೆಯ ಮುಖ, ಒಂದನ್ನೂ ಬಿಡಲಿಲ್ಲ. ಡ್ರಾಯರ್‌ಗಳು ಉಬ್ಬಿ ಬಿಗಿಯಾದವು. ಮಟ್ಟ ಮಾಡಿಟ್ಟ ಹಲಗೆಗಳು ಒಂದು ಕಡೆ ತೇವ ಕುಡಿದು ಬಾಗಿದವು.

ಮೇಣ ಹಚ್ಚಿದೆ. ಸ್ವಲ್ಪ ಅನುಕೂಲವಾಯಿತು, ಆದರೆ ಹಲಗೆ ಉಜ್ಜಿದ ಹಾಗೆ ಮೇಣ ಹೋಗುತ್ತದೆ, ಮತ್ತೆ ಹಚ್ಚಬೇಕು. ಎಣ್ಣೆ ಹಚ್ಚಿದರೆ ಅದು ಮರಕ್ಕೆ ಅಂಟಿ ಆಮೇಲೆ ಪಾಲಿಶ್ ಕೂರುವುದಿಲ್ಲ. ಸಿಲಿಕೋನ್ ಸ್ಪ್ರೇ ಅಂತೂ ಮರಗೆಲಸದವರು ಹತ್ತಿರಕ್ಕೂ ತರಬಾರದು, ವಾರ್ನಿಶ್ ಹಚ್ಚಿದಾಗ ಅಲ್ಲಲ್ಲಿ ಗುಳಿ ಬೀಳುತ್ತದೆ. ಬಾಗಿಲು ತೆರೆದಿಟ್ಟರೆ ತೇವ ಹೋಗುತ್ತದೆ, ಜೊತೆಗೆ ಶಾಖವೂ ಹೋಗುತ್ತದೆ. ಅಂದಹಾಗೆ ಬಾಗಿಲು ಸ್ವಲ್ಪ ತೆರೆದಿಡಲೇಬೇಕು, ಕಾರ್ಬನ್ ಮಾನಾಕ್ಸೈಡ್ ಭಯ ಇದೆಯಲ್ಲ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅಲಾರಂ ಇಲ್ಲದೆ ಇಂಥ ಹೀಟರ್ ಹಚ್ಚಲೇಬೇಡಿ. ತಿನ್ನರ್, ವಾರ್ನಿಶ್ ತೆರೆದಿದ್ದಾಗ ಅಲಾರಂ ಇದ್ದರೂ ಹಚ್ಚಬೇಡಿ.

ಹೀಗಾಗಿ ಗ್ಯಾಸ್ ಅಗ್ಗ ಅನ್ನುವವರು ಒಂದು ಬಾಬ್ತು ಬಿಟ್ಟು ಲೆಕ್ಕ ಹಾಕುತ್ತಾರೆ. ತುಕ್ಕು ಉಜ್ಜುವ ಕಾಗದ, ಮೇಣ, ಮತ್ತೆ ಆ ಉಜ್ಜುವುದರಲ್ಲಿ ಕಳೆದ ಸಂಜೆಗಳು. ವೆಲ್ಡಿಂಗ್ ಮಾಡುವವರಿಗೆ, ಹಳೆ ಗಾಡಿ ಬಿಚ್ಚುವವರಿಗೆ ಇದೆಲ್ಲ ಲೆಕ್ಕಕ್ಕೇ ಬಾರದಿರಬಹುದು. ನನಗೆ ಬರುತ್ತದೆ.

ಸೀಮೆಎಣ್ಣೆ ಹೀಟರ್? ಅದೇ ಕಥೆ, ಜೊತೆಗೆ ವಾಸನೆ ಉಚಿತ. ಒಂದು ಲೀಟರ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು.

ಫ್ಯಾನ್ ಹೀಟರ್ ಕೊಳ್ಳೋಕೆ ಎಲ್ಲಕ್ಕಿಂತ ಅಗ್ಗ. ಒಣ ಶಾಖ, ಹಾಗಾಗಿ ಹೊಸದಾಗಿ ನೀರು ಬೆರೆಸುವುದಿಲ್ಲ. ಆದರೆ ಬಿಸಿಗಾಳಿ ನೇರ ಮೇಲಕ್ಕೆ ಹೋಗಿ ಸೂರಿನಲ್ಲಿ ಕೂರುತ್ತದೆ, ತಲೆ ಬೆಚ್ಚಗೆ, ಕಾಲು ಮರಗಟ್ಟಿದ ಹಾಗೆ. ಮರದ ಪುಡಿ ಒಳಗೆ ಎಳೆದುಕೊಂಡು ಸುಟ್ಟ ವಾಸನೆ ಬೇರೆ. ಅದನ್ನು ಬಿಚ್ಚಿ ಗಾಳಿ ಊದಿ ಸ್ವಚ್ಛ ಮಾಡದಿದ್ದರೆ ಅಪಾಯವೇ. 3 ಕಿಲೋವ್ಯಾಟ್‌ನದು 230 ವೋಲ್ಟ್ ಲೈನಿನಲ್ಲಿ 13 ಆಂಪ್ ಎಳೆಯುತ್ತದೆ, ಅದೇ ಲೈನಿಗೆ ಗರಗಸ ಹಾಕಿದರೆ ಟ್ರಿಪ್. ಸುರುಳಿ ಬಿಚ್ಚದ ಎಕ್ಸ್‌ಟೆನ್ಷನ್ ವೈರಿಗೆ ಇದನ್ನು ಹಾಕುವವರನ್ನು ನೋಡಿದ್ದೇನೆ. ವೈರು ಕರಗುತ್ತದೆ, ದಯವಿಟ್ಟು ಬೇಡ.

ಆಯಿಲ್ ಹೀಟರ್ ಸಾಧು ಪ್ರಾಣಿ. ಸದ್ದಿಲ್ಲ, ಕೆಂಪಗೆ ಕಾಯುವ ತಂತಿ ಹೊರಗೆ ಕಾಣುವುದಿಲ್ಲ, ಪುಡಿಯ ಭಯ ಕಡಿಮೆ. ಆದರೆ ನಿಧಾನ. ಅದರೊಳಗಿನ ಎಣ್ಣೆ ಬಿಸಿಯಾಗಬೇಕು, ಆಮೇಲೆ ಗಾಳಿ, ಆಮೇಲೆ ನೀವು. ಸಂಜೆ ಬೆಚ್ಚಗಿರಬೇಕಾದರೆ ಮಧ್ಯಾಹ್ನವೇ ಹಾಕಬೇಕು, ಹಾಗೆ ಹಾಕಿದ ದಿನವೇ ನೆಂಟರು ಬಂದು ವರ್ಕ್‌ಶಾಪ್ ಕಡೆ ತಲೆ ಹಾಕಲೂ ಆಗುವುದಿಲ್ಲ. ಮೀಟರ್ ಮಾತ್ರ ಓಡಿರುತ್ತದೆ.

ಸೌದೆ ಒಲೆ ನನ್ನ ಜಾಗದಲ್ಲಿ ಇಲ್ಲ, ಗೆಳೆಯನ ವರ್ಕ್‌ಶಾಪ್‌ನಲ್ಲಿ ಬಳಸಿದ್ದೇನೆ. ಅದರ ಶಾಖದ ಸುಖವೇ ಬೇರೆ. ಹೊಗೆ ಕೊಳವೆ ಇರುವುದರಿಂದ ನೀರೂ ಹೊರಗೆ ಹೋಗುತ್ತದೆ. ಮರದ ಚೂರು ಪುಕ್ಕಟೆ ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಕಸದಲ್ಲಿ ಅರ್ಧ ಪ್ಲೈವುಡ್, ಇಲ್ಲವೇ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆ. ಅದರ ಅಂಟು ಸುಟ್ಟ ಹೊಗೆ ಕುಡಿಯುವಂಥದ್ದಲ್ಲ. ಒಲೆ ಹದಕ್ಕೆ ತರೋಕೆ ಬೇಕಾಗುವ ಹೊತ್ತಿನಲ್ಲಿ ನನ್ನ ಅರ್ಧ ಸಂಜೆ ಮುಗಿದಿರುತ್ತದೆ. ಕೊಳವೆ ಹಾಕಿಸುವ ಖರ್ಚು ಕೇಳಿ ಸುಮ್ಮನಾದೆ.

ಹೀಟ್ ಪಂಪ್, ಅಂದರೆ ಬಿಸಿಗಾಳಿಯನ್ನೂ ಕೊಡುವ ಸ್ಪ್ಲಿಟ್ ಎಸಿ. ಓಡಿಸುವ ಖರ್ಚು ಮಾತ್ರ ನೋಡಿದರೆ ಕರೆಂಟಿನವುಗಳಲ್ಲಿ ಇದನ್ನು ಮೀರಿಸಿದ್ದಿಲ್ಲ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಕೊಡಬಲ್ಲದು, ಯಾಕೆಂದರೆ ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ತರುತ್ತದೆ. ಚಳಿ ಜಾಸ್ತಿಯಾದಷ್ಟೂ ಆ ಲಾಭ ಕಡಿಮೆ. ಹೊರಗಿನ ಯೂನಿಟ್‌ಗೆ ಹಿಮ ಕಟ್ಟಿದರೆ ಅದನ್ನು ಕರಗಿಸಲು ಸ್ವಲ್ಪ ಹೊತ್ತು ಉಲ್ಟಾ ಓಡುತ್ತದೆ, ಆಗ ಒಳಗೆ ಶಾಖ ಬರುವುದಿಲ್ಲ. ಫಿಲ್ಟರ್‌ಗೆ ಮರದ ಪುಡಿ ತುಂಬುವುದಂತೂ ಬೇಗ. ನಾಲ್ಕೈದು ಜನ ಹಂಚಿಕೊಂಡ ಒಂದು ವರ್ಕ್‌ಶಾಪ್‌ನಲ್ಲಿ ಇದನ್ನು ಹಗಲೂ ರಾತ್ರಿ 10 ಡಿಗ್ರಿಗೆ ಇಟ್ಟಿದ್ದರು. ಕಬ್ಬಿಣ ತಣ್ಣಗಾಗುವುದೇ ಇಲ್ಲ, ಹಾಗಾಗಿ ಅಲ್ಲಿ ತುಕ್ಕಿನ ಮಾತೇ ಇರಲಿಲ್ಲ. ದಿನವಿಡೀ ಕೆಲಸ ಮಾಡುವವರು, ಗೋಡೆ ಸೂರಿಗೆ ಫೋಮ್ ಹಾಕಿಸಿದವರು, ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ. ನನ್ನ ಒಂದೆರಡು ಗಂಟೆಗೆ ಆ ದುಡ್ಡು ವಾಪಸ್ ಬರುವ ಹೊತ್ತಿಗೆ ಮಿಷಿನ್ನೇ ಹಳತಾಗಿರುತ್ತದೆ.

ಇನ್ನು ನನ್ನ ಇನ್‌ಫ್ರಾರೆಡ್. ಇದು ಗಾಳಿಯ ತಂಟೆಗೆ ಹೋಗುವುದೇ ಇಲ್ಲ, ಎದುರಿಗೆ ಇರುವುದನ್ನು ಬಿಸಿ ಮಾಡುತ್ತದೆ. ದಾರ ಎಳೆದ ಕೆಲವೇ ಸೆಕೆಂಡಿನಲ್ಲಿ ಕೈಗೆ, ಮುಖಕ್ಕೆ, ಬೆಂಚಿನ ಹಲಗೆಗೆ ಶಾಖ ತಾಗುತ್ತದೆ. ಉಳಿಯ ಹಿಡಿ ಕೂಡ ಬೆಚ್ಚಗಾಗುತ್ತದೆ, ಚಳಿಗೆ ಬೆರಳು ಬಿಗಿದಿದ್ದಾಗ ಇದೆಷ್ಟು ದೊಡ್ಡದು ಅಂತ ಮಾಡಿದವರಿಗೇ ಗೊತ್ತು. ಎರಡು ಗಂಟೆಗೆ 3 ಯೂನಿಟ್, ಮುಗಿಯಿತು. ಹೊರಡುವಾಗ ಮತ್ತೆ ದಾರ ಎಳೆದರೆ ಅಲ್ಲಿಗೆ ಖರ್ಚು ನಿಂತಿತು.

ಕೊರತೆ ಇಲ್ಲ ಅಂತಲ್ಲ. ಬೆನ್ನು ತಣ್ಣಗೇ ಇರುತ್ತದೆ. ಬೆಂಚಿನ ನೆರಳಿಗೆ ಬೀಳುವ ಮೊಣಕಾಲಿಗೆ ಏನೂ ಸಿಗುವುದಿಲ್ಲ. ಎರಡು ಹೆಜ್ಜೆ ಆಚೆ ಗರಗಸದ ಹತ್ತಿರ ಹೋದರೆ ಮತ್ತೆ ಚಳಿಗಾಲ. ಕೆಂಪು ಬೆಳಕಿನಲ್ಲಿ ಮರದ ಬಣ್ಣ ಗೊತ್ತಾಗದು, ಬಣ್ಣ ಹೊಂದಿಸುವಾಗ ಆರಿಸಬೇಕು. ಅಂಟಿನ ಸಮಸ್ಯೆಯೂ ಇದೆ. ಬಿಳಿ ಅಂಟು ತೀರಾ ತಣ್ಣನೆ ಜಾಗದಲ್ಲಿ ಗಟ್ಟಿಯಾಗಿ ಹಿಡಿಯದೆ ಸುಣ್ಣದ ಪುಡಿಯಂತಾಗುತ್ತದೆ, ಎಪಾಕ್ಸಿ ಗಂಟೆಗಟ್ಟಲೆ ಜಾಸ್ತಿ ತಗೊಳ್ಳುತ್ತದೆ. ಅಂಟು ಹಾಕಿದ್ದನ್ನು ಕ್ಲಾಂಪ್ ಸಮೇತ ಮನೆಯೊಳಗೆ ತರುತ್ತೇನೆ. ಮನೆಯವರ ಗೊಣಗಾಟವನ್ನು ಖರ್ಚಿನ ಪಟ್ಟಿಗೆ ಸೇರಿಸಿಲ್ಲ.

ಒಂದು ವಿಷಯ ಮಾತ್ರ ಯಾವ ಹೀಟರ್ ಕೊಂಡರೂ ನೋಡಿಕೊಳ್ಳಿ. ಮರದ ಪುಡಿ ಎಳೆಯುವ ಬ್ಲೋವರ್ ಗಾಳಿಯನ್ನು ಹೊರಗೆ ಬಿಡುತ್ತಿದ್ದರೆ, ಕೋಣೆ ಬಿಸಿ ಮಾಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಗಂಟೆಗೆ 1000 ಘನ ಮೀಟರ್ ಎಳೆಯುವ ಬ್ಲೋವರ್, ಒಳಗೂ ಹೊರಗೂ 15 ಡಿಗ್ರಿ ವ್ಯತ್ಯಾಸ ಇದ್ದರೆ, ಸುಮಾರು 5 ಕಿಲೋವ್ಯಾಟ್ ಶಾಖವನ್ನು ಹೊರಗೆ ಚೆಲ್ಲುತ್ತದೆ. ನನ್ನ ಕೋಣೆಯ ಗಾಳಿ ಪೂರ್ತಿ ಖಾಲಿಯಾಗೋಕೆ ಮೂರು ನಿಮಿಷ ಸಾಕು. ಇನ್‌ಫ್ರಾರೆಡ್ ಇದ್ದರೆ ಈ ತಲೆನೋವೂ ಕಡಿಮೆ, ಬಿಸಿ ಮಾಡದ ಗಾಳಿ ಹೋದರೆ ಹೋಗಲಿ.

ಕೊಳ್ಳುವವರಿಗೆ ಇಷ್ಟು: ನಿಂತು ಕೆಲಸ ಮಾಡುವ ಜಾಗ ಒಂದೇ ಇದ್ದರೆ 1500 ವ್ಯಾಟ್‌ನದು ಒಂದು ಸಾಕು. ಎರಡು ಕಡೆ ಓಡಾಡುವುದಿದ್ದರೆ ದೊಡ್ಡದು ಒಂದರ ಬದಲು ಸಣ್ಣವು ಎರಡು, ಬೇರೆ ಬೇರೆ ಸ್ವಿಚ್‌ನೊಂದಿಗೆ. ತಲೆಯ ನೇರ ಮೇಲೆ ಹಾಕಿದರೆ ನೆತ್ತಿ ಸುಡುತ್ತದೆ, ಎದುರಿನಿಂದ ಓರೆಯಾಗಿ ಬೀಳಲಿ. ಮರ, ಪರದೆ, ಡಬ್ಬಗಳಿಂದ ಕಂಪನಿ ಹೇಳಿದಷ್ಟು ದೂರ ಬಿಡಿ, ಪುಡಿ ಕೂತಿದ್ದರೆ ತಣ್ಣಗಿರುವಾಗ ಬ್ರಷ್‌ನಲ್ಲಿ ಒರೆಸಿ. ಉಳಿದ ದುಡ್ಡಿನಲ್ಲಿ ಬಾಗಿಲ ಸಂದಿಗೆ ರಬ್ಬರ್ ಪಟ್ಟಿ, ನಿಲ್ಲುವ ಕಡೆ ದಪ್ಪ ರಬ್ಬರ್ ಮ್ಯಾಟ್ ತಗೊಳ್ಳಿ. ಮ್ಯಾಟ್‌ಗೆ ಕರೆಂಟೂ ಬೇಡ, ಗ್ಯಾಸೂ ಬೇಡ.