ಅಶ್ವದಳದ ಕೋಲ್ಟೋ, ಸ್ಕೋಫೀಲ್ಡೋ?

ಅಮೆರಿಕದ ಪಶ್ಚಿಮ ಗಡಿನಾಡಿನ ಕಾಲದ ಸೈನ್ಯದ ರಿವಾಲ್ವರ್ ಒಂದನ್ನೇ ಕೊಳ್ಳುವುದಾದರೆ ಸ್ಮಿತ್ ಅಂಡ್ ವೆಸನ್ ಸ್ಕೋಫೀಲ್ಡ್ ಕೊಳ್ಳಿ. ಅದನ್ನೂ ಅದೇ ಕಾಲದ ಕೋಲ್ಟನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದ ಮೇಲೂ ನನ್ನ ಮತ ಅದಕ್ಕೇ.

ಗಟ್ಟಿತನದಲ್ಲಿ ಮಾತ್ರ 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯೇ ಮುಂದು. ಅದರ ಫ್ರೇಮಿನಲ್ಲಿ, ಅಂದರೆ ಲೋಹದ ಮೈಕಟ್ಟಿನಲ್ಲಿ, ಸಡಿಲವಾಗಲು ಕೀಲೇ ಇಲ್ಲ. ಗುಂಡಿಲ್ಲವೆಂದು ಖಚಿತಪಡಿಸಿಕೊಂಡು ಹಿಂಬದಿಯ ಹ್ಯಾಮರ್ (ಗುಂಡು ಸಿಡಿಸುವ ಸುತ್ತಿಗೆ) ನಿಧಾನಕ್ಕೆ ಎಳೆಯಿರಿ, ನಾಲ್ಕು ಕ್ಲಿಕ್ ಕೇಳಬೇಕು. ಒಂದು ಕಡಿಮೆಯಾದರೆ ಹ್ಯಾಮರಿನ ಕಚ್ಚು ಮುರಿದಿದೆ ಅಥವಾ ಒಳಗಿನ ಭಾಗ ಸವೆದಿದೆ.

ಸ್ಕೋಫೀಲ್ಡಿನ ಲಾಚ್ (ಚಿಲಕ) ಹಿಂದಕ್ಕೆ ಒತ್ತಿದರೆ ಬ್ಯಾರೆಲ್ ಕೆಳಕ್ಕೆ ಬಾಗಿ ಸಿಡಿದ ಗುಂಡುಗಳ ಆರೂ ಖಾಲಿ ಕೋಶಗಳು ಒಟ್ಟಿಗೆ ಹೊರಬರುತ್ತವೆ. ಕೋಲ್ಟಿನಲ್ಲಿ ಒಂದೊಂದನ್ನೇ ತಳ್ಳಬೇಕು. ಕುದುರೆ ಮೇಲಿನ ಸೈನಿಕನಿಗೆ ಇದು ದೊಡ್ಡ ಅಂತರ. ತೊಡಕು ಬಂದದ್ದು ಕಾಡತೂಸಿನಲ್ಲಿ: ಸ್ಕೋಫೀಲ್ಡಿನ ಕೋಶ 1.10 ಇಂಚು, ಕೋಲ್ಟಿನದು 1.285. ಗಿಡ್ಡದು ಕೋಲ್ಟಿಗೂ ಆಗುತ್ತದೆ, ಉದ್ದದ್ದು ಸ್ಕೋಫೀಲ್ಡಿಗೆ ಆಗುವುದಿಲ್ಲ. ಕೊಳ್ಳುವಾಗ ಬ್ಯಾರೆಲ್ ಹಿಡಿದು ಎಡಬಲಕ್ಕೆ ಅಲುಗಿಸಿ. ಕೀಲು ಸವೆದಿದ್ದರೆ ಕೂಡಲೇ ಗೊತ್ತಾಗುತ್ತದೆ.

ನಿಜವಾದ ಪರೀಕ್ಷೆ ಅಸಲಿತನದ್ದು. 1890ರ ದಶಕದ ನಡುವಿನಿಂದ ಸರ್ಕಾರವೇ ಅಶ್ವದಳದ ಕೋಲ್ಟುಗಳ ಏಳೂವರೆ ಇಂಚಿನ ಬ್ಯಾರೆಲ್ಲನ್ನು ಐದೂವರೆಗೆ ಕತ್ತರಿಸಿತು, ಬಿಡಿಭಾಗಗಳೂ ಕಲಸಿಹೋದವು; ಹೀಗೆ ಕತ್ತರಿಸಿದವನ್ನೇ ಫಿರಂಗಿದಳದ ಕೋಲ್ಟ್ ಎನ್ನುವುದು. ಕತ್ತರಿಸದೆ ಉಳಿದವು ವಿರಳ, ಆದ್ದರಿಂದಲೇ ನಕಲಿ ಹೆಚ್ಚು: ಕೆಲವರು ಉದ್ದದ ಬ್ಯಾರೆಲ್ ಮತ್ತೆ ಕೂರಿಸುತ್ತಾರೆ, ಕೆಲವರು ನಾಗರಿಕ ಕೋಲ್ಟಿಗೆ ‘ಯುಎಸ್’ ಮುದ್ರೆ ಒತ್ತುತ್ತಾರೆ. ಆ ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ. ಅಸಲಿಯಲ್ಲಿ ಅದು ಫ್ರೇಮ್ ಗಟ್ಟಿಗೊಳಿಸುವ ಮುಂಚೆ ಬಿದ್ದದ್ದು, ಅಕ್ಷರದ ತಳವೂ ಸುತ್ತಲಿನ ಲೋಹದಷ್ಟೇ ಹಳೆಯದಾಗಿ ಕಾಣುತ್ತದೆ. ತಳ ಹೊಳೆಯುತ್ತಿದ್ದರೆ, ಅಂಚು ಉಬ್ಬಿದ್ದರೆ ಬಿಟ್ಟುಬಿಡಿ. ಕತ್ತರಿಸದ ಅಶ್ವದಳದ ಕೋಲ್ಟಿನಲ್ಲಿ ಫ್ರೇಮ್, ಟ್ರಿಗರ್ ಗಾರ್ಡ್, ಬ್ಯಾಕ್‌ಸ್ಟ್ರಾಪ್ (ಹಿಡಿಕೆಯ ಹಿಂಬದಿಯ ಪಟ್ಟಿ) ಮೂರರ ಕ್ರಮಸಂಖ್ಯೆಯೂ ಒಂದೇ ಆಗಿರಬೇಕು.

ಸ್ಕೋಫೀಲ್ಡ್ ತಯಾರಾದದ್ದೇ ಒಂಬತ್ತು ಸಾವಿರದ ಒಳಗೆ, ಅದರಲ್ಲಿ ಮೊದಲ ಮಾದರಿ ಸುಮಾರು 3,000. ಹಿಡಿಕೆಯ ಬುಡದ ಸಂಖ್ಯೆ ಬ್ಯಾರೆಲ್, ಸಿಲಿಂಡರುಗಳ ಮೇಲೂ ಇದ್ದರೆ ಅರ್ಧ ಚಿಂತೆ ಮುಗಿಯಿತು. ಐದು ಇಂಚಿಗೆ ಕತ್ತರಿಸಿದ, ಸಾಗಣೆ ಕಂಪನಿ ‘ವೆಲ್ಸ್ ಫಾರ್ಗೋ’ ಗುರುತಿನವುಗಳಲ್ಲಿ ಸುಳ್ಳು ಮುದ್ರೆಗಳು ಬಹಳ. ನಿಕಲ್ ಹೊಳಪು ಕಂಡರೂ ಎಚ್ಚರ: ಸೈನ್ಯಕ್ಕೆ ಹೋದದ್ದು ನೀಲಿ ಲೇಪದ್ದು, ನಿಕಲ್ ಸಾಮಾನ್ಯವಾಗಿ ಆಮೇಲೆ ಮಾರಾಟಗಾರರು ಹಾಕಿಸಿದ್ದು.

ಕೋಲ್ಟೇ ಬೇಕೆಂದರೆ ಸಂಖ್ಯೆ ಕಲಸಿದ ಐದೂವರೆ ಇಂಚಿನ ಫಿರಂಗಿದಳದ್ದನ್ನು ಕೊಳ್ಳಿ. ಅದರಲ್ಲಿ ಕಲಸುವಿಕೆ ದೋಷವಲ್ಲ, ಸೈನ್ಯದ ಕೈಯಿಂದಲೇ ಆದದ್ದು.