ಹೊಕುಸಾಯ್ ಪಾಸು, ಹಿರೋಶಿಗೆ ಮಂಕು: ಒಂದು ಪ್ರಿಂಟ್ ಸೆಟ್

ಜಪಾನಿನ ಮರದಚ್ಚಿನ ಚಿತ್ರಕಾರರಾದ ಹೊಕುಸಾಯ್, ಹಿರೋಶಿಗೆ ಇಬ್ಬರ ಚಿತ್ರಗಳೂ ಒಂದೇ ಡಬ್ಬಿಯಲ್ಲಿ ಬರುವ ಪೋಸ್ಟ್‌ಕಾರ್ಡ್ ಸೈಜಿನ ಸೆಟ್ ತರಿಸಿದ್ದೆ. ಮಾರಿದವರ ಹೆಸರು ಬೇಡ. ಒಂದೇ ಮಾತಲ್ಲಿ ಹೇಳೋದಾದರೆ ಅರ್ಧ ಸೆಟ್ ಚೆನ್ನಾಗಿದೆ, ಇನ್ನರ್ಧ ಸುಮಾರು. ಚೆನ್ನಾಗಿರೋದು ಹೊಕುಸಾಯ್‌ನದು.

ಕಾಗದ ಒಂದೇ, ಶಾಯಿ ಒಂದೇ, ಮಷಿನ್ನೂ ಒಂದೇ ಇರಬೇಕು. ಹಾಗಿದ್ದೂ ಒಬ್ಬ ಉಳಿದ, ಇನ್ನೊಬ್ಬ ಕೈತಪ್ಪಿದ. ಯಾಕೆ ಅಂತ ಕೂತು ನೋಡಿದರೆ ಇಬ್ಬರ ವ್ಯತ್ಯಾಸವೇ ಅದು ಅನ್ನಿಸಿತು.

ಹೊಕುಸಾಯ್ (1760–1849) ಗೆಲ್ಲೋದು ಗೆರೆಯಲ್ಲಿ, ಆಕಾರದಲ್ಲಿ. ಆ ದೊಡ್ಡ ಅಲೆಯ ಚಿತ್ರ ಎಲ್ಲರೂ ನೋಡಿರ್ತಾರೆ. ನೊರೆಯ ತುದಿಯೆಲ್ಲ ಕೊಕ್ಕೆ ಕೊಕ್ಕೆ, ಕೆಳಗೆ ಮೂರು ದೋಣಿ, ಅದರಲ್ಲಿ ತಲೆ ತಗ್ಗಿಸಿ ಕೂತ ಜನ, ಹಿಂದೆ ಫ್ಯೂಜಿ ಬೆಟ್ಟ ಎಷ್ಟು ಚಿಕ್ಕದು ಅಂದರೆ ಅದನ್ನೂ ಇನ್ನೊಂದು ಅಲೆ ಅಂದುಕೊಳ್ಳಬೇಕು. ಇದನ್ನು ಟೀ ಶರ್ಟ್ ಮೇಲೆ ಹಾಕಿ, ಮಗ್ ಮೇಲೆ ಹಾಕಿ, ಏನೂ ಆಗಲ್ಲ. ಅದೇ ಸರಣಿಯ, ಎಜಿರಿ ಅನ್ನೋ ಊರಿನ ಚಿತ್ರದಲ್ಲಿ ಜೋರು ಗಾಳಿಗೆ ಒಬ್ಬ ಹೆಂಗಸಿನ ಕಾಗದಗಳೆಲ್ಲ ಹಾರಿಹೋಗ್ತಿವೆ, ಒಬ್ಬನ ಟೋಪಿಯೂ ಹೋಯಿತು. ಹಿಂದೆ ಬೆಟ್ಟ ಬರೀ ಒಂದು ಗೆರೆ. ಮನುಷ್ಯರು ಒದ್ದಾಡ್ತಾರೆ, ಬೆಟ್ಟಕ್ಕೆ ಅದರ ಗೊಡವೆಯೇ ಇಲ್ಲ. ಈ ತಮಾಷೆ ಇಷ್ಟು ಚಿಕ್ಕ ಕಾರ್ಡಿನಲ್ಲೂ ಪೂರ್ತಿ ಸಿಗುತ್ತದೆ. (ಸರಣಿಯ ಹೆಸರು ಫ್ಯೂಜಿ ಬೆಟ್ಟದ ಮೂವತ್ತಾರು ನೋಟ, ಚಿತ್ರಗಳು 46. ಜನ ಮುಗಿಬಿದ್ದು ಕೊಂಡರು, ಇನ್ನೂ ಹತ್ತು ಸೇರಿಸಿದರು.)

ಹಿರೋಶಿಗೆಯದು (1797–1858) ಬೇರೆಯೇ ಲೋಕ. ಅವನಿಗೆ ಮಳೆ, ಹಿಮ, ಮುಸ್ಸಂಜೆ ಬೇಕು, ಅದರೊಳಗೆ ಸುಮ್ನೆ ತಮ್ಮ ದಾರಿ ಹಿಡಿದು ಹೋಗೋ ಜನ ಬೇಕು. ಇಲ್ಲಿ ಯಾರೂ ಹೀರೋ ಅಲ್ಲ. 1857ರ ಸೇತುವೆ ಮೇಲಿನ ಮಳೆಯ ಚಿತ್ರವನ್ನೇ ತಗೊಳ್ಳಿ. ಕೂದಲೆಳೆಯಷ್ಟು ಸಣ್ಣ ಮಳೆಗೆರೆಗಳು, ಅದೂ ಎಲ್ಲ ಒಂದೇ ಕಡೆಗೆ ವಾಲಿಲ್ಲ, ಎರಡು ಓರೆಯಲ್ಲಿ ಬೀಳ್ತವೆ. ಮೇಲೆ ಕಪ್ಪು ಮೋಡ ಕೆಳಗೆ ಬರ್ತಾ ಬರ್ತಾ ತೆಳುವಾಗಬೇಕು. ಆ ತೆಳುವಾಗೋದಕ್ಕೆ ಬೊಕಾಶಿ ಅಂತಾರೆ, ಮರದ ಅಚ್ಚಿನ ಮೇಲಿನ ಬಣ್ಣವನ್ನು ಪ್ರಿಂಟ್ ತೆಗೆಯುವವನು ಕೈಯಲ್ಲೇ ತೀಡುತ್ತಿದ್ದ, ಪ್ರತಿ ಹಾಳೆಗೂ ಹೊಸದಾಗಿ. ಹಾಗಾಗಿ ಆ ಮಳೆಯಲ್ಲಿ ಪ್ರಿಂಟ್ ತೆಗೆದವನ ಪಾಲೂ ಇದೆ, ಅಲ್ವಾ?

ನನ್ನ ಸೆಟ್‌ನಲ್ಲಿ ಮೋಡ ಕಪ್ಪು ಪಟ್ಟಿ ಬಳಿದ ಹಾಗಿದೆ. ಮಳೆಗೆರೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಆಚೆ ದಡದ ಮಸುಕು ಮರಗಳು ಇಲ್ಲವೇ ಇಲ್ಲ. ಅವನದೇ ಇನ್ನೊಂದು ಚಿತ್ರ, ಕಾನ್‌ಬಾರಾ ಅನ್ನೋ ಊರಿನ ಹಿಮದ ರಾತ್ರಿಯಲ್ಲಿ ಬೂದು ಬಣ್ಣದ ಮೌನವೇ ಎಲ್ಲ, ಅದು ಇಲ್ಲಿ ನೀಲಿಗೆ ತಿರುಗಿ ಕ್ಯಾಲೆಂಡರ್ ಚಿತ್ರ ಆಗಿದೆ. ಸಾಲದ್ದಕ್ಕೆ ಅಂಚು ಕತ್ತರಿಸುವಾಗ ಸಹಿಯನ್ನೂ ಅರ್ಧ ಹಾರಿಸಿದ್ದಾರೆ. ಹಾಗೆ ನೋಡಿದರೆ ವ್ಯಾನ್ ಗೋ ಕೂಡ 1887ರಲ್ಲಿ ಈ ಸೇತುವೆ ಮಳೆಯನ್ನು ಎಣ್ಣೆ ಬಣ್ಣದಲ್ಲಿ ನಕಲು ಮಾಡಿದ, ಮಳೆ ದಪ್ಪವಾಯಿತು, ಆದರೆ ಅದು ಅವನದೇ ಚಿತ್ರ ಆಯಿತು. ಈ ಸೆಟ್‌ನವರದು ಯಾರದೂ ಆಗಲಿಲ್ಲ.

ನನಗೆ ಇಬ್ಬರಲ್ಲಿ ಯಾರು ಜಾಸ್ತಿ ಇಷ್ಟ ಅಂದರೆ ಹಿರೋಶಿಗೆಯೇ. ಅದಕ್ಕೇ ಈ ಸಿಟ್ಟು. ಹೊಕುಸಾಯ್ ಮೊದಲ ನೋಟಕ್ಕೇ ಹೊಡೀತಾನೆ, ಇವನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಐದಕ್ಕೆ ಎರಡೂವರೆ ಕೊಡ್ತೀನಿ, ಅಷ್ಟೂ ಹೊಕುಸಾಯ್ ಲೆಕ್ಕಕ್ಕೆ. ಗೋಡೆಗೆ ಹಾಕೋಕೆ ಅಲೆ ಬೇಕಿದ್ದವರು ಧಾರಾಳವಾಗಿ ತಗೊಳ್ಳಿ. ಹಿರೋಶಿಗೆ ಬೇಕಿದ್ದವರು ಮೂಲದ ಅಳತೆಯಲ್ಲಿ, ಅಂದರೆ ಸುಮಾರು 25 x 37 ಸೆಂಟಿಮೀಟರ್‌ನಲ್ಲಿ, ಹೊಳಪಿಲ್ಲದ ಕಾಗದದ ಮೇಲೆ ಸಿಕ್ಕರೆ ಮಾತ್ರ ಕೊಳ್ಳಿ. ಅಲ್ಲಿವರೆಗೆ ಬ್ರೂಕ್ಲಿನ್ ಮ್ಯೂಸಿಯಂನವರು ತಮ್ಮಲ್ಲಿರುವ ಹಿರೋಶಿಗೆಯ ಎದೋ (ಅಂದರೆ ಹಳೆಯ ಟೋಕಿಯೋ) ಸರಣಿಯನ್ನು, ಸೇತುವೆ ಮಳೆ ಇರೋದೂ ಅದರಲ್ಲೇ, ಆನ್‌ಲೈನಲ್ಲಿ ಇಟ್ಟಿದ್ದಾರೆ, ಜೂಮ್ ಮಾಡಿ ನೋಡಿ.